ಪ್ರತಿಪಕ್ಷದ ಸಾಕ್ಷ್ಯ: ಅಜ್ಜಮಾಡ ದೇವಯ್ಯನವರ ಕೊನೆಯ ವೈಮಾನಿಕ ಯುದ್ಧ

ಉತ್ತರದಲ್ಲಿ ಹಳಿಯಾಳದ ಸೀಮೆಯಿಂದ ದಕ್ಷಿಣದಲ್ಲಿ ಕೊಡಗಿನವರೆಗೆ ಕನ್ನಡ ನಾಡಿನಲ್ಲಿ ವೀರಗಲ್ಲುಗಳಿಲ್ಲದ ಪ್ರದೇಶ ವಿರಳ. ತುರುಗೊಳ್ಳಿನಲ್ಲಿಯೋ ಊರಳಿವಿನಲ್ಲಿಯೋ ಮಡಿದವನ ಹೆಸರನ್ನು ಅವನ ಕಡೆಯವರೇ ಕಲ್ಲಿನಲ್ಲಿ ನಿಲ್ಲಿಸಿದರು. ಇಂಥ ಬರಹವನ್ನು ಓದುವ ಚರಿತ್ರಕಾರನಿಗೆ ಒಂದು ಶಂಕೆ ಸಹಜವಾಗಿಯೇ ಹುಟ್ಟುತ್ತದೆ. ತನ್ನವರು ಹೊಗಳಿದ ವೀರನ ಪರಾಕ್ರಮದಲ್ಲಿ ನಿಜವೆಷ್ಟು, ಅಭಿಮಾನವೆಷ್ಟು? ಇದಕ್ಕೆ ಉತ್ತರ ಹಲವು ವೇಳೆ ಶತ್ರುಪಕ್ಷದ ಬರಹದಲ್ಲಿಯೇ ದೊರೆಯಬೇಕಾಗುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಶಕವರ್ಷ 872ರ ಈ ಕಲ್ಲು ಕಾಳಿಯೆಂಬ ನಾಯಿಯ ಕಾರಣದಿಂದ ಎಲ್ಲರಿಗೂ ಪರಿಚಿತವಾಗಿದೆ. ಗಂಗ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯನ್ನೂ ಅದು ಹೇಳುತ್ತದೆ. ಬೂತುಗನು ವಂಚನೆಯಿಂದ ಇರಿದನೆಂದು ಮೊದಲು ಅರ್ಥಮಾಡಲಾಗಿತ್ತು. ಆನೆಯ ಮೇಲಣ ಪೀಠವನ್ನೇ ರಣರಂಗವಾಗಿ ಮಾಡಿಕೊಂಡು ಕೊಂದನೆಂಬ ಅರ್ಥ ಅನಂತರ ಒಪ್ಪಿತವಾಯಿತು. ಚೋಳರ ದೊಡ್ಡ ಲೈಡನ್ ತಾಮ್ರಶಾಸನವೂ ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಒಪ್ಪುತ್ತದೆ. ಆದರೆ ಕೊಂದವನು ರಾಷ್ಟ್ರಕೂಟ ಕೃಷ್ಣನೆನ್ನುತ್ತದೆ. ಘಟನೆಯ ವಿಷಯದಲ್ಲಿ ಎರಡು ಪಕ್ಷಗಳಿಗೂ ಸಮ್ಮತಿಯಿದೆ. ಕರ್ತೃವಿನ ವಿಷಯದಲ್ಲಿ ಭೇದವಿದೆ.

ಇದೇ ಬಗೆಯ ಪ್ರಶ್ನೆಯು ಸಾವಿರ ವರ್ಷಗಳ ತರುವಾಯ ಕೊಡಗಿನ ಒಬ್ಬ ವೀರನ ವಿಷಯದಲ್ಲಿ ಆಕಾಶದ ಕಾಳಗವನ್ನು ಕುರಿತು ಎದ್ದಿತು.

ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ನೆಯ ಇಸವಿ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. 1954ರಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿಯಾಗಿ ಸೇರಿ, ತರುಣರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರಾಗಿಯೂ ಹೆಸರು ಪಡೆದರು. 1965ರ ಯುದ್ಧ ತೊಡಗಿದಾಗ ಅವರು ಸ್ಕ್ವಾಡ್ರನ್ ಲೀಡರ್ ಪದವಿಯಲ್ಲಿದ್ದು, ಒಂದನೆಯ ಸ್ಕ್ವಾಡ್ರನ್ನಿಗೆ ನಿಯುಕ್ತರಾದರು. ಈ ದಳವು ಪಂಜಾಬಿನ ಆದಂಪುರದಲ್ಲಿ ನೆಲೆಸಿತ್ತು. ಅದರ ವಿಮಾನಗಳು ಫ್ರಾನ್ಸಿನಲ್ಲಿ ನಿರ್ಮಿತವಾದ ಮಿಸ್ಟೇರ್‌ಗಳು.

ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಪ್ರಬಲ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿ ಮಾಡಲು ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ 12 ವಿಮಾನಗಳು ಗೊತ್ತಾಗಿದ್ದುವು. ದೇವಯ್ಯನವರದು ಆ ಹನ್ನೆರಡರಲ್ಲಿ ಸೇರಿರಲಿಲ್ಲ. ಯಾವುದಾದರೊಂದು ಹಿಂದುಳಿದರೆ ಅದರ ಸ್ಥಾನವನ್ನು ತುಂಬಲು ಕಾದಿರಿಸಿದ ವಿಮಾನ ಅದು. ಒಂದು ಹಿಂದುಳಿಯಿತು, ದೇವಯ್ಯನವರು ಮುಂದೆ ಹೋದರು. ದಾಳಿ ಮುಗಿಸಿ ದಳವು ಆದಂಪುರಕ್ಕೆ ಮರಳಿದಾಗ ಅವರ ವಿಮಾನ ಮಾತ್ರ ಬಂದಿರಲಿಲ್ಲ. ಅವರಿಗೆ ಏನಾಯಿತೆಂಬುದನ್ನು ಜೊತೆಯವರಲ್ಲಿ ಯಾರೂ ಕಂಡಿರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಸೇರಿತು. ಕಥೆ ಅಲ್ಲಿಗೇ ನಿಂತಿತು.

ಮುಂದಿನ ಭಾಗವು ತಿಳಿದುದು 1979ರಲ್ಲಿ. ಆ ವರ್ಷ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು ಪಾಕಿಸ್ತಾನದ ವಾಯುಪಡೆಯವರಿಂದ ದೊರೆತ ಸಾಮಗ್ರಿಯನ್ನು ಆಧರಿಸಿ 1965ರ ವೈಮಾನಿಕ ಯುದ್ಧದ ಚರಿತ್ರೆಯನ್ನು ಪ್ರಕಟಿಸಿದರು. ಅದರಿಂದ ತಿಳಿದುಬರುವುದಿಷ್ಟು: ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರು ಅಮೆರಿಕದ ಸ್ಟಾರ್‌ಫೈಟರ್ ವಿಮಾನದಲ್ಲಿ ಒಂದು ಮಿಸ್ಟೇರನ್ನು ಬೆನ್ನಟ್ಟಿದರು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗವುಳ್ಳದ್ದು. ಮಿಸ್ಟೇರ್ ಸಮತಲದ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಹುಸೇನರು ಹಾರಿಸಿದ ಕ್ಷಿಪಣಿ ನೆಲಕ್ಕೆ ಬಿತ್ತು. ಅವರ ಫಿರಂಗಿಯ ಗುಂಡುಗಳು ಮಿಸ್ಟೇರಿಗೆ ತಗುಲಿದುವು. ಆದರೂ ಆ ವಿಮಾನವು ಓಡಿಹೋಗದೆ ತಿರುಗಿ ನಿಂತು ಕಾದಿತು. ಕೊನೆಗೆ ಸ್ಟಾರ್‌ಫೈಟರೂ ಹಾಳಾಗಿ, ಹುಸೇನರು ಧುಮುಕುಕೊಡೆಯ ಆಶ್ರಯದಿಂದ ಬದುಕಿಕೊಂಡರು. ಎದುರಾಳಿಯ ಶೌರ್ಯವನ್ನು ಅವರು ಮರೆಮಾಚಲಿಲ್ಲ.

ಆ ಎದುರಾಳಿ ಯಾರು? ಆ ಮುಂಜಾನೆಯ ದಾಳಿಯಿಂದ ಹಿಂದಿರುಗದ ಮಿಸ್ಟೇರ್ ಒಂದೇ, ಅದು ದೇವಯ್ಯನವರದು. ಒಂದು ಕಡೆಯಲ್ಲಿ ಹೆಸರಿತ್ತು, ವೃತ್ತಾಂತವಿರಲಿಲ್ಲ. ಇನ್ನೊಂದು ಕಡೆಯಲ್ಲಿ ವೃತ್ತಾಂತವಿತ್ತು, ಹೆಸರಿರಲಿಲ್ಲ. ಎರಡನ್ನೂ ಕೂಡಿಸಿದಾಗಲೇ ಚರಿತ್ರೆ ಪೂರ್ಣವಾಯಿತು. ದಳದ ನಾಯಕರಾಗಿದ್ದ ತನೇಜಾ ಅವರು ಈ ವಿಷಯವನ್ನು ಅಧಿಕಾರಿಗಳ ಗಮನಕ್ಕೆ ತಂದರು. 1988ರಲ್ಲಿ, ಎಂದರೆ ಮಡಿದ 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ಸಂದಿತು.

ಇಲ್ಲಿ ಒಂದು ಆಕ್ಷೇಪವನ್ನು ವಿಮರ್ಶಿಸಬೇಕು. ಹುಸೇನರ ವಿಮಾನವು ಗುಂಡಿನಿಂದಲ್ಲ, ಒಡೆದ ಮಿಸ್ಟೇರಿನ ಚೂರುಗಳು ಬಡಿದು ಹಾಳಾಯಿತೆಂಬ ವಿವರಣೆಯೂ ಪಾಕಿಸ್ತಾನದ ಕಡೆಯಲ್ಲಿ ಬಳಕೆಯಲ್ಲಿದೆ. ತಕ್ಕೋಲದ ವಿಷಯದಲ್ಲಿ ಕಂಡ ಭೇದವೇ ಇಲ್ಲಿಯೂ ಕಾಣುತ್ತದೆ. ಆದರೆ ಒಂದೇ ಹೋರಾಟದಲ್ಲಿ ಎರಡು ವಿಮಾನಗಳೂ ನಾಶವಾದುವೆಂಬುದರಲ್ಲಿ ವಿವಾದವಿಲ್ಲ. ಪೆಟ್ಟುತಿಂದ ವಿಮಾನವು ತಿರುಗಿ ಕಾದಿತೆಂಬುದು ಗೆದ್ದವನ ಕಡೆಯಿಂದಲೇ ಬಂದ ಮಾತಾದುದರಿಂದ ಅದಕ್ಕೆ ಹೆಚ್ಚಿನ ಬೆಲೆಯುಂಟು. ತನ್ನ ಜಯವನ್ನು ಕುಗ್ಗಿಸುವ ಸಂಗತಿಯನ್ನು ಯಾರೂ ಕಾರಣವಿಲ್ಲದೆ ಕಲ್ಪಿಸಿ ಹೇಳರು.

ಪ್ರತಿಪಕ್ಷದ ಸಾಕ್ಷ್ಯವು ಯಾವಾಗಲೂ ವೀರನ ಕೀರ್ತಿಯನ್ನು ಹೆಚ್ಚಿಸುವುದೆಂದು ತಿಳಿಯಬಾರದು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಿದ ಪೋಲೆಂಡಿನ ವೈಮಾನಿಕರ 303ನೆಯ ಸ್ಕ್ವಾಡ್ರನ್ನಿನ ಲೆಕ್ಕಕ್ಕೆ 126 ಜರ್ಮನ್ ವಿಮಾನಗಳು ಸೇರಿದ್ದುವು. ಜರ್ಮನರ ನಷ್ಟದ ದಾಖಲೆಗಳೊಡನೆ ಹೋಲಿಸಿದ ಸಂಶೋಧಕರು ನಿಜವಾದ ಸಂಖ್ಯೆ ಅದರ ಅರ್ಧಕ್ಕಿಂತಲೂ ಕಡಮೆಯೆಂದು ಕಂಡಿದ್ದಾರೆ. ಆ ವೀರರು ಸುಳ್ಳಾಡಿದರೆಂದು ಇದರ ಅರ್ಥವಲ್ಲ. ಕ್ಷಣಾರ್ಧದ ಕಾಳಗದಲ್ಲಿ ಒಂದೇ ವಿಮಾನವನ್ನು ಇಬ್ಬರು ಮೂವರು ತಮ್ಮದೆಂದು ಎಣಿಸುವುದು ಸಹಜ. ದೇವಯ್ಯನವರ ವಿಷಯದಲ್ಲಿ ಅದೇ ಪರೀಕ್ಷೆಯು ವಿಪರೀತವಾದ ಫಲವನ್ನು ಕೊಟ್ಟಿತು. ಬದುಕಿ ಬಂದವರು ತಮ್ಮ ಲೆಕ್ಕವನ್ನು ತಾವೇ ಬರೆಯಿಸಬಲ್ಲರು. ಮಡಿದವರಿಗೆ ಆ ಅವಕಾಶವಿಲ್ಲ.

ಆದುದರಿಂದ ನಮ್ಮ ವೀರಗಲ್ಲುಗಳನ್ನೂ ಯುದ್ಧವೃತ್ತಾಂತಗಳನ್ನೂ ಪರಿಶೋಧಿಸುವವರು ನೆರೆಯ ಅರಸರ ಶಾಸನಗಳನ್ನೂ ನೆರೆಯ ದೇಶದ ಗ್ರಂಥಗಳನ್ನೂ ಜೊತೆಗಿಟ್ಟುಕೊಂಡು ಓದುವುದು ಅವಶ್ಯಕ. ಇದರಿಂದ ಕೆಲವರ ಹೊಗಳಿಕೆ ಕುಂದಬಹುದು. ಆದರೆ 1979ರ ಆ ಪುಸ್ತಕವನ್ನು ಯಾರೂ ಹೋಲಿಸಿ ನೋಡದೆ ಹೋಗಿದ್ದರೆ, ಕೊಡಗಿನ ಈ ವೀರನ ಹೆಸರು ಕಾಣೆಯಾದವರ ಪಟ್ಟಿಯಲ್ಲಿಯೇ ಉಳಿದುಹೋಗುತ್ತಿತ್ತು.