ಪುಣೆಯ ಮೂಗಿನಿಂದ ಸ್ತನದ ಆಪರೇಷನ್ನಿನವರೆಗೆ

ಊರಿಂದ ನೆಂಟರು ಬಂದರೆ ಪುಣೆಯಲ್ಲಿ ನಾವು ತೋರಿಸೋದು ಶನಿವಾರವಾಡಾ, ಸಿಂಹಗಡ. ಈ ಊರಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ಮೂಗಿನ ನಂಟಿದೆ ಅಂದರೆ ನಗ್ತಾರೆ.

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕೌಸಾಜಿ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿಬಿಟ್ಟರು. ವರ್ಷದ ಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಅಕ್ಟೋಬರ್ 1794ರಲ್ಲಿ ಇದನ್ನು ಚಿತ್ರಸಮೇತ ಅಚ್ಚು ಹಾಕಿತು.

ಮಾಡಿದ ರೀತಿ ಕೇಳಿ. ತೆಳು ಮೇಣದಿಂದ ಮೂಗಿನ ಅಳತೆ ತೆಗೆದು, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆಯೋದು. ಅಷ್ಟು ಚರ್ಮ ಬಿಡಿಸಿ, ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿ ಮಾತ್ರ ಕತ್ತರಿಸದೆ ಉಳಿಸಿ, ತಿರುಗಿಸಿ ಕೆಳಕ್ಕಿಳಿಸೋದು. ಅಂಟಿಗೆ ಕಾಚು. ಹೌದು, ಎಲೆಅಡಿಕೆಗೆ ಹಾಕ್ತೀವಲ್ಲ, ಅದೇ! ನಾಲ್ಕನೇ ದಿನ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ಆ ಪಟ್ಟಿ ಕತ್ತರಿಸೋದು.

ಗುಟ್ಟೆಲ್ಲ ಆ ಪಟ್ಟಿಯಲ್ಲಿ. ಹೊಸ ಜಾಗದಲ್ಲಿ ಬೇರು ಬಿಡುವ ತನಕ ಚರ್ಮಕ್ಕೆ ರಕ್ತ ಹರಿಯೋದು ಅದರಿಂದಲೇ. ಇದಕ್ಕೆ ಡಾಕ್ಟರುಗಳು ಫ್ಲ್ಯಾಪ್ ಅಂತಾರೆ. ಪೂರ್ತಿ ಕಿತ್ತು ಹಚ್ಚಿದ ಚರ್ಮ ಗ್ರಾಫ್ಟ್. ಅದು ಗಾಯ ಮುಚ್ಚುತ್ತೆ, ಉಬ್ಬು ಕೊಡಲ್ಲ. ಲಂಡನ್ನಿನ ಕಾರ್ಪ್ಯೂ 1814ರಲ್ಲಿ ಇದೇ ಕ್ರಮದಲ್ಲಿ ಮೂಗು ಮಾಡಿದ, 1816ರಲ್ಲಿ ಪುಸ್ತಕ ಬರೆದ. ಅವನ ಹೆಸರು ಉಳಿಯಿತು. ಕೌಸಾಜಿಯ ಚಿತ್ರ ಬರೆದ ಜೇಮ್ಸ್ ವೇಲ್ಸ್ ಹೆಸರೂ ಉಳಿಯಿತು. ಇಟ್ಟಿಗೆಯವನ ಹೆಸರು ಬರೆದಿಡಬೇಕು ಅಂತ ಆ ಪತ್ರಿಕೆಗೆ ಅನಿಸಲೇ ಇಲ್ಲ.

ಸ್ತನದ ಕತೆಯೂ ಇದೇ ಪಟ್ಟಿಯ ಕತೆ. 1890ರ ದಶಕದಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಕ್ಯಾನ್ಸರ್ ಬಂದ ಸ್ತನವನ್ನು ಎದೆಯ ಸ್ನಾಯು ಸಮೇತ ತೆಗೆದು, ಗಾಯಕ್ಕೆ ಗ್ರಾಫ್ಟ್ ಹಾಕುತ್ತಿದ್ದ. ಬೇರೆಡೆಯ ಚರ್ಮ ತಿರುಗಿಸಿ ಮುಚ್ಚೋದು ಅವನಿಗೆ ಹಿಡಿಸುತ್ತಿರಲಿಲ್ಲ. ಇಟಲಿಯ ಟಾನ್ಸಿನಿ 1906ರಲ್ಲಿ ಬೆನ್ನಿನ ಚರ್ಮ, ಸ್ನಾಯು ಎರಡನ್ನೂ ರಕ್ತನಾಳ ಕಡಿಯದೆ ಎದೆಗೆ ತಿರುಗಿಸುವುದನ್ನು ಪ್ರಕಟಿಸಿದ. ಆದರೆ ಹಾಲ್‌ಸ್ಟೆಡ್ಡನ ಹೆಸರು ದೊಡ್ಡದು. ಟಾನ್ಸಿನಿಯ ದಾರಿ ಮತ್ತೆ ಚಾಲ್ತಿಗೆ ಬಂದದ್ದು 1970ರ ದಶಕದಲ್ಲಿ. ಅಷ್ಟರಲ್ಲಿ ಎಷ್ಟು ಹೆಂಗಸರು ಸೆರಗು ಬಿಗಿಯಾಗಿ ಹೊದ್ದು ಬದುಕು ಕಳೆದರೋ! 1982ರಲ್ಲಿ ಅಮೆರಿಕದ ಹಾರ್ಟ್‌ರಾಂಫ್ ಹೊಟ್ಟೆಯ ಚರ್ಮ, ಕೊಬ್ಬಿನಿಂದ ಸ್ತನ ಕಟ್ಟುವುದನ್ನು ಪ್ರಕಟಿಸಿದರು. ಈಗ ರಕ್ತನಾಳವನ್ನೇ ಕಡಿದು ಮೈಕ್ರೋಸ್ಕೋಪಿನ ಕೆಳಗೆ ಮತ್ತೆ ಹೊಲಿಯುತ್ತಾರೆ.

ಪುಣೆಯಲ್ಲೂ ಇದೆಲ್ಲ ಆಗುತ್ತೆ. ಸ್ತನ ತೆಗೆಯುವಾಗಲೇ ಮಾಡಿಸಬಹುದು, ಆಮೇಲೂ ಮಾಡಿಸಬಹುದು. ನಮ್ಮ ಮನೆಗಳಲ್ಲಿ ಅಕ್ಕ, ಅತ್ತಿಗೆಯರು ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ ಅಂತ ನಾಚಿ ಸುಮ್ಮನಾಗ್ತಾರೆ. ಮೊದಲನೇ ಆಪರೇಷನ್ನಿಗೆ ಮುಂಚೆಯೇ ಡಾಕ್ಟರ ಹತ್ತಿರ ಕೇಳಿಬಿಡಲಿ.