ಎಡ ತೋರುಬೆರಳಿನ ಕೆಳಗಿನ ಒತ್ತಕ್ಷರ

ಮಾನಸಗಂಗೋತ್ರಿಯಲ್ಲಿ ಪ್ರಬಂಧ ಬೆರಳಚ್ಚು ಮಾಡುವಾಗ ನಾನು ಕಲಿತ ಮೊದಲ ಅಡ್ಡದಾರಿ ಕಂಟ್ರೋಲ್-ಸಿ, ಕಂಟ್ರೋಲ್-ವಿ. ನಕಲಿಸಿ ಅಂಟಿಸುವ ಈ ಕ್ರಮವನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರೂಪಿಸಿದವರು ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು. 1983ರ ಆ್ಯಪಲ್ ಲೀಸಾದಲ್ಲಿ ಅದಕ್ಕೆ ಎಕ್ಸ್, ಸಿ, ವಿ ಕೀಲಿಗಳು ಗೊತ್ತಾದವು.

ಕನ್ನಡಿಗರ ಕೈಗೆ ಇದಕ್ಕಿಂತ ದೊಡ್ಡ ಅಡ್ಡದಾರಿ ಕೊಟ್ಟವರು ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್. ಹಳೆಯ ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ತುಂಡುತುಂಡಾಗಿ ಜೋಡಿಸಬೇಕಿತ್ತು. ರಾವ್ ಆಕಾರ ಬಿಟ್ಟು ಉಚ್ಚಾರ ಹಿಡಿದರು. 'ಕೆ' ಒತ್ತಿದರೆ ಕ. ಜೊತೆಗೆ ಶಿಫ್ಟ್ ಹಿಡಿದರೆ ಖ. ಒತ್ತಕ್ಷರಕ್ಕೆ ನಡುವೆ 'ಎಫ್', ಎಡ ತೋರುಬೆರಳು ಸುಮ್ಮನೆ ಕೂರುವ ಜಾಗ. 'ಅಕ್ಕ' ಎನ್ನಲು ನಾಲ್ಕು ಕೀಲಿ, 'ಮೈಸೂರು' ಎನ್ನಲು ಆರು. ಸರ್ಕಾರ ಒಪ್ಪಿದ ನುಡಿ ತಂತ್ರಾಂಶದ್ದೂ ಇದೇ ವಿನ್ಯಾಸ.

ಈಗ ನನ್ನ ಕಿರಿಯ ಗೆಳೆಯರು ಇಂಗ್ಲಿಷ್ ಕಾಗುಣಿತದಲ್ಲಿ ಬರೆದು, ಪರದೆ ತೋರಿಸುವ ಪದಗಳಲ್ಲಿ ಒಂದನ್ನು ಆರಿಸುತ್ತಾರೆ. ಬೇಗ ಆಗುತ್ತದೆ, ನಿಜ. ಆದರೆ ನ-ಣ, ಲ-ಳ ಯಾವುದೆಂದು ಮೊದಲು ಹೇಳುವುದು ಯಂತ್ರ. ರಾವ್ ಅವರ ದಾರಿಯಲ್ಲಿ ಶಿಫ್ಟ್ ಬೇಕೋ ಬೇಡವೋ ಎಂದು ಪ್ರತಿ ಸಲವೂ ನಾನೇ ತೀರ್ಮಾನಿಸಬೇಕು. ಹೊತ್ತು ಉಳಿಸುತ್ತಲೇ ಅಕ್ಷರಜ್ಞಾನವನ್ನೂ ಉಳಿಸುವ ಅಡ್ಡದಾರಿ ಅದು. ಹಾಗಾಗಿ ನಾನಿನ್ನೂ ಅದನ್ನು ಬಿಟ್ಟಿಲ್ಲ.