ಯರಗೇರಾ ತಾಲೂಕಿನ ಕಡತಗಳು: ಎಡೆದೊರೆ ನಾಡಿನಲ್ಲಿ ಸಾರ್ವಜನಿಕ ದಾಖಲೆಯ ನಡೆ

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಸಾಗುವ ದಾರಿಯಲ್ಲಿ ಸಿಗುವ ಯರಗೇರಾ ಇಂದು ರಾಯಚೂರು ತಾಲೂಕಿಗೆ ಸೇರಿದ ಒಂದು ಊರು. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಈ ಹೆಸರು ಒಂದು ತಾಲೂಕಿನದೂ ಆಗಿತ್ತು. ಹೈದರಾಬಾದು ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿ ಆಗ ರಾಯಚೂರು, ಯರಗೇರಾ, ಮಾನ್ವಿ, ದೇವದುರ್ಗ, ಯಾದಗಿರಿ ಎಂಬ ತಾಲೂಕುಗಳಿದ್ದವು. 1905ರ ಪುನರ್ವಿಂಗಡಣೆಯಲ್ಲಿ ಲಿಂಗಸುಗೂರು ಜಿಲ್ಲೆಯೇ ರದ್ದಾಯಿತು, ಯಾದಗಿರಿ ಕಲಬುರ್ಗಿಗೆ ಹೋಯಿತು, ಯರಗೇರಾ ತಾಲೂಕಿನ ಪಟ್ಟವನ್ನು ಕಳೆದುಕೊಂಡಿತು. ಸರಕಾರವೊಂದು ತಾಲೂಕನ್ನು ಒಂದು ಆಜ್ಞೆಯಿಂದ ಅಳಿಸಬಲ್ಲದು. ಆ ತಾಲೂಕಿನ ಹೆಸರಿನಲ್ಲಿ ಬರೆಯಲ್ಪಟ್ಟ ಜಮೀನಿನ ಗಡಿಗಳನ್ನು, ಇನಾಮುಗಳನ್ನು, ವಾರಸುಗಳನ್ನು ಅಷ್ಟು ಸುಲಭವಾಗಿ ಅಳಿಸಲಾರದು. ಅವುಗಳನ್ನು ಹುಡುಕಿ ಬರುವವರು ಒಂದು ಶತಮಾನದ ನಂತರವೂ ಇರುತ್ತಾರೆ. ಹಾಗೆ ಬಂದವರಿಗೆ ಬಾಗಿಲು ಎಷ್ಟು ತೆರೆದಿದೆ ಎಂಬುದು ಕೇವಲ ಆಡಳಿತದ ಪ್ರಶ್ನೆಯಲ್ಲ. ಅದು ಈ ನಾಡಿನ ಇತಿಹಾಸದ ಪ್ರಶ್ನೆ.

ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಭೂಭಾಗವನ್ನು ಶಾಸನಗಳು ‘ಎಡೆದೊರೆ ಎರಡುಸಾಸಿರ’ ಎಂದು ಕರೆಯುತ್ತವೆ. ಇಲ್ಲಿ ಸಾರ್ವಜನಿಕ ದಾಖಲೆ ಮೊದಲು ಕಾಣಿಸಿಕೊಂಡದ್ದು ಬಂಡೆಯ ಮೇಲೆ. ಮಸ್ಕಿಯ ಅಶೋಕನ ಶಾಸನ ರಾಜನೊಬ್ಬ ಪ್ರಜೆಗಳಿಗೆ ಬಹಿರಂಗವಾಗಿ ಬರೆಸಿದ ಮಾತು. ಅದನ್ನು ನೋಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಈ ಬಹಿರಂಗತೆ ಒಂದು ನಿಶ್ಚಿತ ಕ್ರಮವನ್ನೇ ಪಡೆದುಕೊಂಡಿತು. ಬಸದಿಗೆ, ದೇಗುಲಕ್ಕೆ, ಕೆರೆಗೆ ಅಥವಾ ಅಗ್ರಹಾರಕ್ಕೆ ಬಿಟ್ಟ ಭೂಮಿಯ ಶಾಸನದಲ್ಲಿ ಕಾಲ, ಆಳುವ ಅರಸ, ದಾನಿ, ದಾನ ಪಡೆದ ಆಚಾರ್ಯ, ಮತ್ತರುಗಳ ಲೆಕ್ಕ, ಅಳೆದ ಗಳೆಯ ಹೆಸರು, ನಾಲ್ಕು ದಿಕ್ಕಿನ ಎಲ್ಲೆ, ಕಡೆಯಲ್ಲಿ ಶಾಪಾಶಯ ಎಲ್ಲವೂ ಇರುತ್ತವೆ. ಇಂದಿನ ಹಕ್ಕುಪತ್ರದಲ್ಲಿ ಇರಬೇಕಾದ ಅಂಶಗಳಲ್ಲಿ ಇಲ್ಲಿ ಇಲ್ಲದಿರುವುದು ಕಡಿಮೆ. ಸಮಾಧಿಮರಣ ಹೊಂದಿದವರ ನಿಷಿಧಿಗಳಿಂದ ತುಂಬಿದ ಕೊಪ್ಪಳದ ಬೆಟ್ಟಗಳಿರಲಿ, ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ಗ್ರಂಥದಲ್ಲಿ ಸಂಪಾದಿಸಿಕೊಟ್ಟ ಹೈದರಾಬಾದು ಕರ್ನಾಟಕದ ಬಸದಿ ಶಾಸನಗಳಿರಲಿ, ಇವೆಲ್ಲ ಭಕ್ತಿಯ ಬರಹಗಳಾಗಿರುವಷ್ಟೇ ಹಕ್ಕಿನ ದಾಖಲೆಗಳೂ ಆಗಿವೆ.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ದಾಖಲೆಯೂ ಇತ್ತು. ಸೇನಬೋವರು ಲೆಕ್ಕ ಬರೆಯುತ್ತಿದ್ದರು. ಶ್ರೀಕರಣ, ಕಡಿತವೆರ್ಗಡೆ ಎಂಬ ಅಧಿಕಾರಿಗಳ ಹೆಸರುಗಳು ಶಾಸನಗಳಲ್ಲಿ ಬರುತ್ತವೆ. ಕಡಿತವೆಂದರೆ ಮಡಿಸಿಡುವ ಬಟ್ಟೆಯ ಪುಸ್ತಕ. ಇಂದಿನ ‘ಕಡತ’ ಅದರದೇ ಮುಂದುವರಿಕೆ. ಕಲ್ಲು ಊರ ನಡುವೆ ನಿಂತಿತ್ತು, ಕಡಿತ ಕರಣಿಕನ ಪೆಟ್ಟಿಗೆಯಲ್ಲಿತ್ತು. ಕಲ್ಲಿನ ಮೇಲಿನ ಎಲ್ಲೆಯನ್ನು ತಿದ್ದಿದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಕಡಿತದಲ್ಲಿ ತಿದ್ದಿದರೆ ತಿದ್ದಿದವನಿಗೆ ಮಾತ್ರ. ಸಾರ್ವಜನಿಕ ದಾಖಲೆಯ ಮುಂದಿನ ಇತಿಹಾಸವೆಲ್ಲ ಈ ಕಲ್ಲು ಮತ್ತು ಪೆಟ್ಟಿಗೆಗಳ ನಡುವಿನ ಜಗ್ಗಾಟವೆಂದರೆ ಅತಿಶಯೋಕ್ತಿಯಾಗದು. ರಾಯಚೂರು ಕೋಟೆಯ ಗೋಡೆಯಲ್ಲಿ ಸೇರಿರುವ, ಸುಮಾರು 41 ಅಡಿ ಉದ್ದದ ಕಲ್ಲಿನ ಮೇಲಿನ 1294ರ ತೆಲುಗು ಶಾಸನ ಗೋರೆ ಗಂಗಯ್ಯರೆಡ್ಡಿಯ ಹೆಸರನ್ನೂ ವಿಠ್ಠಲನಾಥನು ಕೋಟೆ ಕಟ್ಟಿಸಿದುದನ್ನೂ ಊರಿಗೆಲ್ಲ ಸಾರಿತು. ಆ ಬಳಿಕ ಬಂದ ಬಹಮನಿ, ವಿಜಯನಗರ, ಆದಿಲಶಾಹಿ, ಮೊಘಲ ಆಳ್ವಿಕೆಗಳಲ್ಲಿ ದಾಖಲೆ ಕ್ರಮೇಣ ಕಾಗದಕ್ಕೆ ಇಳಿಯಿತು. ಕಾಗದ ದಫ್ತರವನ್ನು ಸೇರಿತು.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ಪ್ರದೇಶದ ದಫ್ತರಗಳು ಕಂಡ ಅಲೆದಾಟ ಸಣ್ಣದಲ್ಲ. ನಿಜಾಮನು ಸೇನೆಯ ವೆಚ್ಚದ ಬಾಕಿಗಾಗಿ 1853ರ ಒಪ್ಪಂದದಲ್ಲಿ ಬೀರಾರ, ಧಾರಾಶಿವಗಳೊಡನೆ ರಾಯಚೂರು ದೋಆಬನ್ನೂ ಕಂಪನಿ ಸರಕಾರಕ್ಕೆ ವಹಿಸಿಕೊಟ್ಟನು. ಏಳು ವರ್ಷಗಳ ಬಳಿಕ, 1860ರಲ್ಲಿ, ದೋಆಬು ಮರಳಿ ಹೈದರಾಬಾದಿಗೆ ಸೇರಿತು. ಅನಂತರ ಮೊದಲನೆಯ ಸಾಲಾರಜಂಗರು 1865ರ ಸುಮಾರಿಗೆ ಜಿಲ್ಲಾಬಂದಿಯನ್ನು ಜಾರಿಗೆ ತಂದು, ಕಂದಾಯವನ್ನು ಗುತ್ತಿಗೆದಾರರ ಕೈಯಿಂದ ಬಿಡಿಸಿ ಸಂಬಳದ ಅಧಿಕಾರಿಗಳಿಗೆ ಒಪ್ಪಿಸಿದರು. ಮುಂಬಯಿ ಮಾದರಿಯ ರೈತವಾರಿ ಭೂಮಾಪನ ಬಂದಿತು. ಹೊಲಕ್ಕೆ ಸರ್ವೆ ನಂಬರು, ರೈತನಿಗೆ ಪಟ್ಟಾ, ಊರಿಗೆ ಸೇತ್ವಾರ ದೊರೆತವು. ಮೊದಲ ಬಾರಿಗೆ ಸಾಮಾನ್ಯ ಒಕ್ಕಲಿಗನ ಹೆಸರು ಸರಕಾರದ ಪುಸ್ತಕದಲ್ಲಿ ಅವನ ಹೊಲದ ಎದುರಿಗೆ ಕುಳಿತಿತು. ಇದು ದೊಡ್ಡ ಬದಲಾವಣೆ. ಶಾಸನದಲ್ಲಿ ಹೆಸರು ಬರಬೇಕಾದರೆ ದಾನಿಯೋ ವೀರನೋ ಆಗಬೇಕಿತ್ತು. ಸೇತ್ವಾರದಲ್ಲಿ ಬರಲು ಉಳುಮೆ ಸಾಕಾಯಿತು.

ಆದರೆ ಆ ಹೆಸರನ್ನು ಅವನು ಓದಲಾರದವನಾಗಿದ್ದನು. ಸಂಸ್ಥಾನದ ಆಡಳಿತ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. ಕನ್ನಡ ಮಾತನಾಡುವ ಮಾನ್ವಿ, ದೇವದುರ್ಗ, ಯರಗೇರಾಗಳ ರೈತನ ಹಕ್ಕು ಅವನು ಓದದ ಲಿಪಿಯಲ್ಲಿ, ಅದರಲ್ಲಿಯೂ ಬರಹಗಾರರ ವೇಗದ ‘ಶಿಕಸ್ತ’ ಕೈಬರಹದಲ್ಲಿ ದಾಖಲಾಯಿತು. ಊರಿನ ಮಟ್ಟದಲ್ಲಿ ಲೆಕ್ಕದ ಪುಸ್ತಕಗಳು ವಂಶಪಾರಂಪರ್ಯದ ಕುಲಕರ್ಣಿಯ ಕೈಯಲ್ಲಿದ್ದವು. ವಸೂಲಿ ಮಾಲೀಪಾಟೀಲನ ಕೈಯಲ್ಲಿತ್ತು. ಪುಸ್ತಕ ಸರಕಾರದ್ದು, ಅದನ್ನು ಇಟ್ಟ ಕಪಾಟು ಮನೆಯದು. ನಕಲು ಬೇಕಾದವನು ಕಚೇರಿಗೆ ಹೋಗುವ ಬದಲು ಒಬ್ಬ ವ್ಯಕ್ತಿಯ ಮನೆಯ ಕಟ್ಟೆಗೆ ಹೋಗಬೇಕಾಗಿತ್ತು. ಈ ಪದ್ಧತಿಯಲ್ಲಿ ಪ್ರಾಮಾಣಿಕರೂ ಇದ್ದರು, ಊರಿನ ನೆನಪನ್ನೇ ಹೊತ್ತವರೂ ಇದ್ದರು. ಆದರೂ ಹಕ್ಕು ಎಂಬುದು ಕೃಪೆಯ ರೂಪವನ್ನು ತಾಳಿತು. ಅರ್ಜಿ, ನಕಲು, ದಾಖಲೆ, ವಸೂಲಿ, ಜಮಾಬಂದಿ, ಕಚೇರಿ, ಮೊಹರು, ಪಹಣಿ ಮುಂತಾದ ಶಬ್ದಗಳು ಕನ್ನಡದ ನಿತ್ಯದ ಮಾತಿನಲ್ಲಿ ನೆಲೆಸಿದುದನ್ನು ಭಾಷಾವಿದ್ಯಾರ್ಥಿಗಳು ಗಮನಿಸುತ್ತಾರೆ. ಶಬ್ದ ರೈತನ ಬಾಯಿಗೆ ಬಂದಿತು. ಶಬ್ದವಿದ್ದ ಪುಸ್ತಕ ಅವನ ಕೈಗೆ ಬರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಕಾನೂನುಗಳು ಒಂದರ ಹಿಂದೊಂದು ಬಂದವು. ಭೂಮಿಯ ಹಕ್ಕುದಾಖಲೆಯ ನಿಯಮ ಹೊರಟದ್ದು 1358 ಫಸಲಿಯಲ್ಲಿ. 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿ ಕಾಯಿದೆ ಬಂದಿತು, 1952ರಲ್ಲಿ ‘ಅತಿಯಾತ್’ ಎಂಬ ದಾನ ಇನಾಮುಗಳ ವಿಚಾರಣೆಗೆ ಪ್ರತ್ಯೇಕ ಕಾಯಿದೆಯಾಯಿತು, 1955ರಲ್ಲಿ ಇನಾಮು ರದ್ದತಿಯ ಕಾಯಿದೆ ಬಂದಿತು. 1954-55ರಲ್ಲಿ ಊರೂರಿನ ಖಾಸ್ರಾ ಪಹಣಿ ಸಿದ್ಧವಾಯಿತು. ಇಂದಿಗೂ ಹಳೆಯ ಹೈದರಾಬಾದು ಪ್ರದೇಶದ ಭೂವ್ಯಾಜ್ಯಗಳಲ್ಲಿ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಈ ಖಾಸ್ರಾ ಪಹಣಿ ಒಂದು. ಇನಾಮಿನ ಭೂಮಿಯಾದರೆ ‘ಮುಂತಖಬ್’ ಎಂಬ ನಿರ್ಣಯಪತ್ರ. ಮಠ, ದರ್ಗಾ, ಗುಡಿ, ಬಸದಿಗಳ ಭೂಮಿಯ ಚರಿತ್ರೆ ಬರೆಯುವವನೂ ಇವೆರಡನ್ನು ಬಿಟ್ಟು ಮುಂದೆ ಹೋಗಲಾರನು.

ಇಲ್ಲಿ ಸಂಶೋಧಕನು ಕಾಲಗಣನೆಯ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಹೈದರಾಬಾದಿನ ಫಸಲಿ ವರ್ಷ ‘ಆಜೂರ್’ ಮಾಸದಿಂದ, ಅಂದರೆ ಅಕ್ಟೋಬರಿನಿಂದ, ಆರಂಭವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ ಎಂಬುದು ಬಳಕೆಯ ಸೂತ್ರ. ಆದರೆ ಕೂಡಿಸಬೇಕಾದದ್ದು 590 ಅಥವಾ 591 ಎಂಬುದನ್ನು ಆಯಾ ಕಾಗದದ ಮಾಸವನ್ನು ನೋಡಿಯೇ ನಿರ್ಧರಿಸಬೇಕು. ಒಂದು ವರ್ಷದ ತಪ್ಪು ಚರಿತ್ರೆಯಲ್ಲಿ ಅಡಿಟಿಪ್ಪಣಿಯ ದೋಷ. ವ್ಯಾಜ್ಯದಲ್ಲಿ ಅದು ಹೊಲವನ್ನೇ ಕಳೆಯಬಲ್ಲದು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಆಲಂಪುರ, ಗದ್ವಾಲ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ನಾಡು ಹಂಚಿಹೋದಂತೆ ಕಾಗದವೂ ಹಂಚಿಹೋಯಿತು. ಸಂಸ್ಥಾನದ ಕೇಂದ್ರ ದಫ್ತರಗಳು ಹೈದರಾಬಾದಿನಲ್ಲಿಯೇ ಉಳಿದವು. ತಾರನಾಕದಲ್ಲಿರುವ ಅಲ್ಲಿಯ ರಾಜ್ಯ ಪತ್ರಾಗಾರದಲ್ಲಿ ಷಾಹಜಹಾನ್ ಮತ್ತು ಔರಂಗಜೇಬರ ಕಾಲದ ಸುಮಾರು ಒಂದೂವರೆ ಲಕ್ಷ ಪಾರಸಿ ಕಾಗದಗಳಿವೆ. ನಿಜಾಮರ ಕಾಲದ ದಿವಾನಿ ದಫ್ತರಗಳೂ ಅಲ್ಲಿವೆ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಹೀಗಾಗಿ ಒಂದು ಇನಾಮಿನ ಪೂರ್ಣ ಕಥೆಯನ್ನು ಬಯಸುವವನು ತಾಲೂಕಿನ ದಾಖಲೆ ಕೊಠಡಿ, ಜಿಲ್ಲಾ ಕಚೇರಿ, ಭೂಮಾಪನ ಇಲಾಖೆ, ಬೆಂಗಳೂರಿನ ರಾಜ್ಯ ಪತ್ರಾಗಾರ, ಕೊನೆಗೆ ಇನ್ನೊಂದು ರಾಜ್ಯದ ರಾಜಧಾನಿ ಇಷ್ಟನ್ನೂ ಸುತ್ತಬೇಕಾಗುತ್ತದೆ.

ಮೈಸೂರು ರಾಜ್ಯದ ಕಾಯಿದೆಗಳು ಪೆಟ್ಟಿಗೆಯನ್ನು ಮನೆಯಿಂದ ಕಚೇರಿಗೆ ತಂದವು. ಗ್ರಾಮಾಧಿಕಾರ ರದ್ದತಿಯ 1961ರ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಯಾಗಿ ವಂಶಪಾರಂಪರ್ಯದ ಹುದ್ದೆಗಳು ಮುಗಿದವು. ಸಂಬಳದ ಗ್ರಾಮಲೆಕ್ಕಿಗ ಬಂದನು. 1964ರ ಭೂಕಂದಾಯ ಕಾಯಿದೆಯ 133ನೆಯ ಪ್ರಕರಣ, ಹಕ್ಕುದಾಖಲೆಯಲ್ಲಿರುವ ನಮೂದನ್ನು ಅದು ಸುಳ್ಳೆಂದು ಸಿದ್ಧವಾಗುವವರೆಗೆ ನಿಜವೆಂದೇ ಭಾವಿಸಬೇಕೆಂದು ಹೇಳಿತು. ಈ ಒಂದು ವಾಕ್ಯದ ಭಾರ ಎಷ್ಟೆಂಬುದು ತಿಳಿದದ್ದು ಭೂಸುಧಾರಣೆಯ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಗೇಣಿ ಭೂಮಿಯೆಲ್ಲ ಸರಕಾರದಲ್ಲಿ ನೆಲೆಗೊಂಡು, ಉಳುವವನು ‘ನಮೂನೆ 7’ರಲ್ಲಿ ಅರ್ಜಿ ಹಾಕಿದರೆ ಒಡೆಯನಾಗಬಹುದಾಯಿತು, ಅರ್ಜಿಯ ಕೊನೆಯ ದಿನ 1979ರ ಜೂನ್ 30. ಪಹಣಿಯ ಅಂಕಣದಲ್ಲಿ ಯಾರ ಹೆಸರು ನಮೂದಾಗಿತ್ತೋ ಅವನ ಅರ್ಜಿಗೆ ಬಲವಿತ್ತು. ತಲೆಮಾರುಗಳಿಂದ ಉಳುತ್ತಿದ್ದರೂ ಅಂಕಣ ಖಾಲಿಯಿದ್ದವನು ನೆರೆಹೊರೆಯವರ ಬಾಯಿಸಾಕ್ಷಿಯನ್ನೇ ನಂಬಬೇಕಾಯಿತು. ತನ್ನ ಬಗ್ಗೆ ಸರಕಾರ ಏನು ಬರೆದುಕೊಂಡಿದೆ ಎಂಬುದನ್ನು ಸಕಾಲದಲ್ಲಿ ನೋಡಿದವನಿಗೂ ನೋಡದವನಿಗೂ ನಡುವೆ ಒಂದು ಬದುಕಿನ ಅಂತರವಿತ್ತು.

ನೋಡುವ ಹಕ್ಕು ಕಾನೂನಿನಲ್ಲಿ ಹೊಸದಲ್ಲ. ಸಾರ್ವಜನಿಕ ದಸ್ತಾವೇಜನ್ನು ಪರಿಶೀಲಿಸುವ ಹಕ್ಕುಳ್ಳವನಿಗೆ ಶುಲ್ಕ ಪಡೆದು ದೃಢೀಕೃತ ನಕಲು ಕೊಡಬೇಕೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಆದರೆ ‘ಹಕ್ಕುಳ್ಳವನು ಯಾರು’ ಎಂಬ ಪ್ರಶ್ನೆಯನ್ನು ಅಧಿಕಾರಿಯೇ ಕೇಳುತ್ತಿದ್ದನು. ಸ್ವೀಡನ್ 1766ರಲ್ಲಿಯೇ ಪ್ರಜೆಗೆ ಸರಕಾರಿ ಕಾಗದ ನೋಡುವ ಹಕ್ಕನ್ನು ಕೊಟ್ಟಿತ್ತು. ಭಾರತದಲ್ಲಿ ಆ ಬೇಡಿಕೆ ರಾಜಸ್ಥಾನದ ಹಳ್ಳಿಗಳಲ್ಲಿ ಕೂಲಿಯ ಹಾಜರಿಪಟ್ಟಿಯನ್ನು ತೋರಿಸಿರೆಂದು ಕೇಳಿದ ದುಡಿಮೆಗಾರರಿಂದ ಬಲಗೊಂಡಿತು. ಕರ್ನಾಟಕ 2000ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕಿನ ಕಾಯಿದೆಯನ್ನು ರಚಿಸಿತ್ತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಅಧಿನಿಯಮ ಜಾರಿಯಾಯಿತು. ಕೇಳುವವನು ಕಾರಣ ಹೇಳಬೇಕಿಲ್ಲ ಎಂಬುದು ಅದರ ಜೀವಾಳ. ಹತ್ತು ರೂಪಾಯಿ ಶುಲ್ಕ, ಬಡತನದ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನಗಳಲ್ಲಿ ಉತ್ತರ. ಬರದಿದ್ದರೆ ಮೇಲ್ಮನವಿ, ಆಮೇಲೆ ಆಯೋಗ. ನಕಲು ಮಾತ್ರವಲ್ಲ, ಕಡತವನ್ನು ಕಚೇರಿಯಲ್ಲಿಯೇ ಕುಳಿತು ನೋಡಿ ಟಿಪ್ಪಣಿ ಮಾಡಿಕೊಳ್ಳುವ ಅವಕಾಶವೂ ಇದೆ. ಸಂಶೋಧಕನಿಗೆ ನಕಲಿಗಿಂತ ಇದೇ ಹೆಚ್ಚು ಉಪಯುಕ್ತ. 8ನೆಯ ಪ್ರಕರಣದ 3ನೆಯ ಉಪಪ್ರಕರಣದಂತೆ ಇಪ್ಪತ್ತು ವರ್ಷಕ್ಕೂ ಹಳೆಯ ಘಟನೆಗಳ ಮಾಹಿತಿಗೆ, ದೇಶದ ಭದ್ರತೆಯಂಥ ಕೆಲವನ್ನು ಬಿಟ್ಟರೆ, ವಿನಾಯಿತಿಯ ನೆಪವನ್ನು ಹೇಳಲಾಗದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಆದ್ದರಿಂದ ಊರು, ಸರ್ವೆ ನಂಬರು, ಫಸಲಿ, ಬೇಕಾದ ಕಾಗದದ ಹೆಸರು ಇವನ್ನು ಮೊದಲೇ ತಿಳಿದವನ ಅರ್ಜಿ ಫಲಿಸುತ್ತದೆ.

ತೊಡಕು ಇರುವುದು ಇಲ್ಲಿಯೇ. ಕಾಗದದ ಹೆಸರು ತಿಳಿಯಬೇಕಾದರೆ ಸೂಚಿ ಬೇಕು. ಅಧಿನಿಯಮದ 4ನೆಯ ಪ್ರಕರಣದ ಮೊದಲ ಕರ್ತವ್ಯವೇ ದಾಖಲೆಗಳನ್ನು ಪಟ್ಟಿಮಾಡಿ ಸೂಚಿ ಸಿದ್ಧಪಡಿಸುವುದು. ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿ, ತಾಲೂಕು ಕೇಂದ್ರದಲ್ಲಿ ಹದಿನೈದು ರೂಪಾಯಿಗೆ ಯಾರ ಕೈಗಾದರೂ ಕೊಡುವಂತೆ ಮಾಡಿದ್ದು ಈ ನಾಡಿನ ದಾಖಲೆಯ ಚರಿತ್ರೆಯಲ್ಲಿ ಒಂದು ತಿರುವು. ಆದರೆ ಅದು ಗಣಕಕ್ಕೆ ತಂದದ್ದು ಅಂದಿನ ಪಹಣಿಯನ್ನು. ಅದರ ಹಿಂದಿನ ನೂರು ವರ್ಷದ ಕಾಗದವನ್ನಲ್ಲ. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು ಹೊರಟಿದೆ. ಇದು ಕಾಗದವನ್ನು ಗೆದ್ದಲಿನಿಂದ, ತಿದ್ದುವ ಕೈಯಿಂದ ಕಾಪಾಡೀತು. ಆದರೆ ಸ್ಕ್ಯಾನ್ ಮಾಡಿದ ಶಿಕಸ್ತ ಬರಹ ಶಿಕಸ್ತ ಬರಹವೇ. ಪರದೆಯ ಮೇಲೆ ಬಂದ ಮಾತ್ರಕ್ಕೆ ಅದು ಮಾತನಾಡುವುದಿಲ್ಲ.

ಉರ್ದು ಕಂದಾಯ ಬರಹವನ್ನು ಸರಾಗವಾಗಿ ಓದಬಲ್ಲ ತಲೆಮಾರು ಸಂಸ್ಥಾನದ ಶಾಲೆಗಳಲ್ಲಿ ಕಲಿತದ್ದು. ವಿಲೀನದ ವರ್ಷ ಹತ್ತನೆಯ ವಯಸ್ಸಿನಲ್ಲಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಕನ್ನಡ ವಿಭಾಗಗಳಲ್ಲಿ ಹಳಗನ್ನಡ ಲಿಪಿಯನ್ನು ಕಲಿಸುವ ಶಾಸನಶಾಸ್ತ್ರದ ಪಾಠವಿದೆ. ಅದೇ ಊರಿನ ಇನ್ನೂರು ವರ್ಷದ ಈಚಿನ ಕಾಗದವನ್ನು ಓದಿಸುವ ಪಾಠ ವಿರಳ. ಮೋಡಿಯನ್ನು ಬಲ್ಲವರು ಧಾರವಾಡದ ಕಡೆ ಇದ್ದಾರೆ. ಎಡೆದೊರೆಗೆ ಬೇಕಾದದ್ದು ಶಿಕಸ್ತ ಬಲ್ಲ ಕನ್ನಡಿಗರು. ಉರ್ದು ಮತ್ತು ಕನ್ನಡ ವಿಭಾಗಗಳು ಜೊತೆಗೂಡಿ ಒಂದು ತಾಲೂಕಿನ ಕಡತಗಳಿಗಾದರೂ ಕನ್ನಡದಲ್ಲಿ ವರ್ಣನಾತ್ಮಕ ಸೂಚಿಯನ್ನು ಸಿದ್ಧಪಡಿಸಿದರೆ ಅದು ಹತ್ತು ಪ್ರಬಂಧಗಳಿಗೆ ಸಮನಾದ ಕೆಲಸ. ಅದರಿಂದ ಚರಿತ್ರೆಕಾರನಿಗೆ ಆಕರ ದೊರೆಯುತ್ತದೆ, ರೈತನಿಗೆ ಅರ್ಜಿಯಲ್ಲಿ ಬರೆಯಲು ಕಾಗದದ ಹೆಸರು ದೊರೆಯುತ್ತದೆ.

ಮಸ್ಕಿಯ ಬಂಡೆ ಈ ವಿಷಯದಲ್ಲಿ ದೊಡ್ಡ ಪಾಠ. ಆ ಶಾಸನವನ್ನು ಯಾರೂ ಬಚ್ಚಿಡಲಿಲ್ಲ. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಅದು ಬಯಲಿನಲ್ಲಿಯೇ ಇತ್ತು. ಕುರಿ ಕಾಯುವವರು ಅದರ ಪಕ್ಕದಲ್ಲಿ ನಡೆದುಹೋಗುತ್ತಿದ್ದರು. ಬ್ರಾಹ್ಮಿಯನ್ನು ಓದುವ ಕಣ್ಣು ಕಳೆದುಹೋದುದರಿಂದ ಅದು ಮೌನವಾಗಿತ್ತು. 1837ರ ಹೊತ್ತಿಗೆ ಪ್ರಿನ್ಸೆಪ್ ಲಿಪಿಯನ್ನು ಬಿಡಿಸಿದ ಮೇಲೆ, 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು ಅದನ್ನು ಕಂಡಾಗ, ಹೈದರಾಬಾದಿನ ಪುರಾತತ್ತ್ವ ಇಲಾಖೆಯ ಮೊದಲ ಪ್ರಕಟಣೆಯಾಗಿ ಎಚ್. ಕೃಷ್ಣಶಾಸ್ತ್ರಿಗಳ ಸಂಪಾದನೆ ಹೊರಬಂದಾಗ, ದೇವಾನಾಂಪಿಯನೆಂಬವನು ಅಶೋಕನೇ ಎಂಬುದು ಜಗತ್ತಿಗೆ ಖಚಿತವಾಯಿತು. ಬಾಗಿಲು ತೆರೆದಿರುವುದೂ ಓದುವವರಿರುವುದೂ ಬೇರೆ ಬೇರೆ. ಮಾಹಿತಿ ಹಕ್ಕಿನ ಕಾಯಿದೆ ಮೊದಲನೆಯದನ್ನು ಕೊಟ್ಟಿದೆ. ಎರಡನೆಯದನ್ನು ಯಾವ ಕಾಯಿದೆಯೂ ಕೊಡಲಾರದು. ಬ್ರಾಹ್ಮಿಗೆ ಒದಗಿದ ಮೌನ ಯರಗೇರಾ ತಾಲೂಕಿನ ಕಡತಗಳಿಗೆ ಒದಗಬಾರದೆಂದಿದ್ದರೆ ಓದಬಲ್ಲ ಕೊನೆಯವರು ಇರುವಾಗಲೇ ಕಲಿಯುವವರು ಅವರ ಬಳಿಗೆ ಹೋಗಬೇಕು.